ಕ್ರಿಸ್ತ ಜಯಂತಿಯ ನೃತ್ಯರೂಪಕ ಹಾಗೂ ನಮ್ಮ ಮಕ್ಕಳು
(ಶತಮಾನೋತ್ಸವದ ಅಂಗವಾಗಿ ನೀಡಿದ ಉಪನ್ಯಾಸ)



ನಾನಿಂದು ಮಾತನಾಡಲಿರುವುದು ‘ನಟ್‌ಕ್ರ್ಯಾಕರ್’ ಎಂಬ ಬ್ಯಾಲೆಯ ವಿಷಯವಾಗಿ. ಬ್ಯಾಲೆ ಎಂದರೆ ಮಾತಿನ ನೆರವಿಲ್ಲದೆ, ವಾದ್ಯಸಂಗೀತ ಮತ್ತು ಅಂಗಚಲನೆಗಳಿಂದಲೇ ಕಥೆಯನ್ನು ನಿರೂಪಿಸುವ ಪಾಶ್ಚಾತ್ಯರ ಶಾಸ್ತ್ರೀಯ ನೃತ್ಯ. ಘಟಪ್ರಭೆಯ ನೀರು ಕುಡಿದು ಬೆಳೆದ ನಮಗೂ ದೂರದ ರಷ್ಯಾ ದೇಶದಲ್ಲಿ ಹುಟ್ಟಿದ ಆ ಕುಣಿತಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ತಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಆ ಪ್ರಶ್ನೆ ಸಹಜವೇ. ಆದರೆ ಡಿಸೆಂಬರ್ ತಿಂಗಳು ಬಂತೆಂದರೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕಾಲಿಗೆ ನೃತ್ಯದ ಪಾದರಕ್ಷೆ ಕಟ್ಟಿಕೊಂಡು ರಂಗವೇರುವುದು ಈ ಒಂದು ಕೃತಿಗಾಗಿ. ಅದು ಮಕ್ಕಳ ಸೊತ್ತಾದುದು ಹೇಗೆ ಎಂಬ ವೃತ್ತಾಂತದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ತಂದೆತಾಯಿಗಳು ವಿಚಾರಮಾಡಬೇಕಾದ ಸಂಗತಿಯೊಂದಿದೆ.

ಮೊದಲು ಕಥೆಯನ್ನು ಕೇಳಿರಿ. ನಮ್ಮ ಮನೆಗಳಲ್ಲಿ ಅಡಿಕೆ ಕತ್ತರಿಸಲು ಅಡಕೊತ್ತು ಇರುವಂತೆ ಜರ್ಮನಿ ದೇಶದ ಮನೆಗಳಲ್ಲಿ ಅಕ್ರೋಟಿನ ಚಿಪ್ಪು ಒಡೆಯಲು ಒಂದು ಸಾಧನವಿರುತ್ತದೆ. ಅಲ್ಲಿನ ಬಡಿಗರು ಅದನ್ನು ದೊಡ್ಡ ಬಾಯಿಯ ಮರದ ಸಿಪಾಯಿಯ ರೂಪದಲ್ಲಿ ಕೆತ್ತಿ ಬಣ್ಣ ಹಚ್ಚುವರು. ಹಗುರವಾದ ಮರದಿಂದಲೂ ಮಣ್ಣಿನಿಂದಲೂ ಬೊಂಬೆಗಳನ್ನು, ನಿಜವೆಂದು ಭ್ರಮೆ ಹುಟ್ಟಿಸುವ ಹಣ್ಣುಗಳನ್ನು ಮಾಡಿ ಹೆಸರು ಗಳಿಸಿದ ಗೋಕಾಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕ್ರಿಸ್ತ ಜಯಂತಿಯ ಮುನ್ನಾದಿನದ ಸಂಜೆ ಕ್ಲಾರಾ ಎಂಬ ಬಾಲಿಕೆಗೆ ಅಂತಹ ಬೊಂಬೆಯೊಂದು ಉಡುಗೊರೆಯಾಗಿ ಬರುತ್ತದೆ. ಅದರ ರೂಪ ವಿಕಾರ. ಬೇರೆ ಮಕ್ಕಳಿಗೆ ಅದು ನಗೆಪಾಟಲು. ಅವಳ ತಮ್ಮ ಹಟದಿಂದ ಕಸಿದುಕೊಂಡು ಅದನ್ನು ಮುರಿದುಬಿಡುತ್ತಾನೆ. ಕ್ಲಾರಾ ಮುರಿದ ಬೊಂಬೆಗೆ ಬಟ್ಟೆ ಸುತ್ತಿ, ಮಗುವಿನಂತೆ ಮಲಗಿಸಿ ಆರೈಕೆ ಮಾಡುತ್ತಾಳೆ. ನಡುರಾತ್ರಿ ಇಲಿಗಳ ದಂಡು ಏಳುತ್ತದೆ. ಬೊಂಬೆ ಜೀವತಳೆದು ಇಲಿಗಳ ರಾಜನೊಡನೆ ಕಾದುತ್ತದೆ. ಸೋಲುವ ಹೊತ್ತಿನಲ್ಲಿ ಕ್ಲಾರಾ ತನ್ನ ಕಾಲಿನ ಜೋಡನ್ನೇ ತೆಗೆದು ಬೀಸುತ್ತಾಳೆ. ಇಲಿರಾಜ ಸೋಲುತ್ತಾನೆ, ಬೊಂಬೆ ರಾಜಕುಮಾರನಾಗುತ್ತಾನೆ. ಹಿಮ ಸುರಿಯುವ ಕಾಡನ್ನು ದಾಟಿ ಅವರಿಬ್ಬರೂ ಸಿಹಿತಿಂಡಿಗಳ ರಾಜ್ಯವನ್ನು ಸೇರುತ್ತಾರೆ. ಅಲ್ಲಿ ಚಾಕಲೇಟು, ಕಾಫಿ, ಚಹಾಗಳೆಲ್ಲ ಮನುಷ್ಯರೂಪ ತಾಳಿ ಕುಣಿಯುತ್ತವೆ. ಕರದಂಟಿನ ಊರಿನ ಮಕ್ಕಳು ಆ ರಾಜ್ಯದಲ್ಲಿ ಪರಕೀಯರಾಗಲಾರರು!

ಈ ಕಥೆಯ ಮೂಲವನ್ನು ಜರ್ಮನಿಯ ಲೇಖಕ ಹಾಫ್‌ಮನ್ 1816ರಲ್ಲಿ ಬರೆದನು. ಫ್ರಾನ್ಸಿನ ಅಲೆಕ್ಸಾಂಡರ್ ಡ್ಯೂಮಾ ಅದನ್ನು ಮತ್ತಷ್ಟು ತಿಳಿಗೊಳಿಸಿ ಹೇಳಿದನು. ಅದನ್ನು ಆಧರಿಸಿ ನೃತ್ಯಾಚಾರ್ಯ ಮಾರಿಯಸ್ ಪೆತಿಪಾ ರೂಪರೇಖೆ ಹಾಕಿಕೊಟ್ಟನು. ಅವನು ಕಾಯಿಲೆ ಬಿದ್ದುದರಿಂದ ನೃತ್ಯಸಂಯೋಜನೆಯ ಹೊಣೆ ಸಹಾಯಕನಾದ ಲೆವ್ ಇವಾನೋವನ ಪಾಲಿಗೆ ಬಂದಿತು. ಸಂಗೀತ ಪೀಟರ್ ಚೈಕೋವ್‌ಸ್ಕಿಯದು. ಈ ಸಂಗೀತವನ್ನು ರಚಿಸುತ್ತಿದ್ದ 1891ರ ವರ್ಷದಲ್ಲಿಯೇ ಆತನ ಪ್ರೀತಿಯ ತಂಗಿ ಅಲೆಕ್ಸಾಂಡ್ರಾ ತೀರಿಕೊಂಡಳು. ಮಕ್ಕಳ ಹಬ್ಬದ ಸಂಗೀತದ ನಡುವೆ ಅಲ್ಲಲ್ಲಿ ಕೇಳಿಬರುವ ಆಳವಾದ ವಿಷಾದಕ್ಕೆ ಈ ಅಗಲಿಕೆಯೇ ಕಾರಣವಿರಬಹುದೆಂದು ಕೆಲವು ರಸಿಕರು ಭಾವಿಸುತ್ತಾರೆ. ಅದೇ ಕಾಲಕ್ಕೆ ಪ್ಯಾರಿಸ್ ನಗರದಲ್ಲಿ ಆತ ಚೆಲೆಸ್ಟಾ ಎಂಬ ಹೊಸ ವಾದ್ಯವನ್ನು ಕಂಡು ಮನಸೋತನು. ಪುಟ್ಟ ಗಂಟೆಗಳ ನಾದವನ್ನು ಹೊರಡಿಸುವ ಆ ವಾದ್ಯವನ್ನು ಬೇರೆ ಸಂಗೀತಗಾರರಿಗೆ ಸುಳಿವು ಹತ್ತದಂತೆ ರಷ್ಯಾಕ್ಕೆ ತರಿಸಬೇಕೆಂದು ತನ್ನ ಪ್ರಕಾಶಕನಿಗೆ ಬರೆದನು. ಸಕ್ಕರೆಯ ಅಪ್ಸರೆ ಕುಣಿಯುವಾಗ ಇಂದಿಗೂ ಕೇಳಿಬರುವುದು ಆ ನಾದವೇ.

1892ರ ಡಿಸೆಂಬರ್ 18ರಂದು ಸೇಂಟ್ ಪೀಟರ್ಸ್‌ಬರ್ಗಿನ ಮರಿಯೀನ್‌ಸ್ಕಿ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ನಡೆಯಿತು. ಅರಮನೆಯ ನಾಟ್ಯಶಾಲೆಯ ವಿದ್ಯಾರ್ಥಿಗಳೇ ಮಕ್ಕಳ ಪಾತ್ರಗಳನ್ನು ವಹಿಸಿದ್ದರು. ವಿಮರ್ಶಕರಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ. ರಂಗದ ಮೇಲೆ ಮಕ್ಕಳು ವಿಪರೀತವಾದರು, ಮುಖ್ಯ ನರ್ತಕಿಗೆ ಬಹಳ ಹೊತ್ತಿನವರೆಗೆ ಕೆಲಸವೇ ಇಲ್ಲ, ಇದು ಪ್ರೌಢರು ನೋಡತಕ್ಕದ್ದಲ್ಲ ಎಂಬ ಆಕ್ಷೇಪಗಳು ಕೇಳಿಬಂದವು. ಮುಂದೆ ಒಂದು ವರ್ಷವೂ ತುಂಬುವ ಮೊದಲೇ, 1893ರ ನವೆಂಬರಿನಲ್ಲಿ, ಚೈಕೋವ್‌ಸ್ಕಿ ಮರಣ ಹೊಂದಿದನು. ತನ್ನ ಕೃತಿ ಲೋಕಪ್ರಿಯವಾಗುವುದನ್ನು ನೋಡುವ ಭಾಗ್ಯ ಆತನಿಗಿರಲಿಲ್ಲ.

ಸಭಿಕರೇ, ಯಾವುದನ್ನು ಅಂದಿನ ವಿಮರ್ಶಕರು ದೋಷವೆಂದು ಎಣಿಸಿದರೋ ಅದೇ ಮುಂದೆ ಆ ಕೃತಿಯನ್ನು ಬದುಕಿಸಿತು. ಮರಿಯೀನ್‌ಸ್ಕಿಯ ರಂಗದಲ್ಲಿ ಬಾಲಕನಾಗಿದ್ದಾಗ ಇದರಲ್ಲಿ ಕುಣಿದಿದ್ದ ಜಾರ್ಜ್ ಬ್ಯಾಲಂಚಿನ್ ಎಂಬಾತ ಅಮೆರಿಕಕ್ಕೆ ಹೋಗಿ ನೆಲೆಸಿ, 1954ರಲ್ಲಿ ನ್ಯೂಯಾರ್ಕಿನಲ್ಲಿ ತನ್ನ ನೃತ್ಯಶಾಲೆಯ ಮಕ್ಕಳನ್ನೇ ಸೇರಿಸಿಕೊಂಡು ಅದನ್ನು ರಂಗಕ್ಕೆ ತಂದನು. ಅದಕ್ಕೂ ಹತ್ತು ವರ್ಷ ಮೊದಲು, ಮಹಾಯುದ್ಧ ಇನ್ನೂ ಮುಗಿದಿರದ 1944ರ ಡಿಸೆಂಬರ್ 24ರಂದು, ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ವಿಲ್ಲಮ್ ಕ್ರಿಸ್ಟೆನ್‌ಸೆನ್ ಅದರ ಪೂರ್ಣ ಪ್ರದರ್ಶನವನ್ನು ಅಮೆರಿಕದಲ್ಲಿ ಮೊದಲ ಸಲ ಏರ್ಪಡಿಸಿದ್ದನು. ಅಲ್ಲಿಂದ ಊರೂರಿಗೆ ಅದು ಹಬ್ಬಿತು. ಈಗ ಅಲ್ಲಿನ ಎಷ್ಟೋ ನೃತ್ಯಸಂಸ್ಥೆಗಳ ವರ್ಷದ ವರಮಾನದಲ್ಲಿ ದೊಡ್ಡ ಪಾಲು ಈ ಒಂದು ಕೃತಿಯಿಂದಲೇ ಬರುತ್ತದೆ.

ಇದರ ಗುಟ್ಟು ಏನು? ಪ್ರತಿಯೊಂದು ಮಗುವಿಗೂ ಅದರ ಎತ್ತರಕ್ಕೆ, ಶಕ್ತಿಗೆ ತಕ್ಕ ಪಾತ್ರವೊಂದು ಈ ಕೃತಿಯಲ್ಲಿ ಸಿಗುತ್ತದೆ. ಏಳು ವರ್ಷದವಳು ಪುಟ್ಟ ಇಲಿಯಾದರೆ ಮುಂದೆ ಸಿಪಾಯಿ, ಆಮೇಲೆ ಹಬ್ಬದ ಮನೆಯ ಅತಿಥಿ, ಬೆಳೆದ ಮೇಲೆ ಹಿಮದ ಹೂವು. ಸಕ್ಕರೆಯ ಅಪ್ಸರೆಯಾಗುವ ಯೋಗ ಎಲ್ಲರಿಗೂ ಬರುವುದಿಲ್ಲ. ಆದರೆ ಒಮ್ಮೆ ಇಲಿಯಾಗಿ ಕುಣಿದವಳು ಮುಂದೆ ತನ್ನ ಮಗಳನ್ನು ಕೈಹಿಡಿದು ಅದೇ ರಂಗಕ್ಕೆ ಕರೆತರುತ್ತಾಳೆ.

ಇದು ಸುಲಭದ ಆಟವೆಂದು ಮಾತ್ರ ತಿಳಿಯಬೇಡಿರಿ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆ 1661ರಲ್ಲಿಯೇ ನೃತ್ಯಕ್ಕೆಂದು ವಿದ್ವತ್ಸಭೆಯೊಂದನ್ನು ಸ್ಥಾಪಿಸಿದ್ದನು. ಬ್ಯಾಲೆಯ ಪರಿಭಾಷೆ ಇಂದಿಗೂ ಫ್ರೆಂಚ್ ಭಾಷೆಯದೇ. ನಮ್ಮ ಭರತನಾಟ್ಯದಲ್ಲಿ ಮಂಡಿಗಳನ್ನು ಹೊರಕ್ಕೆ ತಿರುಗಿಸಿ ಅರ್ಧ ಕುಳಿತ ಭಂಗಿಯೇ ಅಡವುಗಳಿಗೆ ಆಧಾರವಾಗಿರುವಂತೆ, ಅಲ್ಲಿಯೂ ಕಾಲನ್ನು ತೊಡೆಯ ಬುಡದಿಂದ ಹೊರಕ್ಕೆ ತಿರುಗಿಸುವುದೇ ಮೊದಲ ಪಾಠ. ಬೆರಳ ತುದಿಯ ಮೇಲೆ ನಿಲ್ಲುವ ವಿದ್ಯೆಯನ್ನು ಮಕ್ಕಳಿಗೆ ಆತುರದಿಂದ ಕಲಿಸುವುದಿಲ್ಲ. ಕೆಲವು ವರ್ಷಗಳ ಅಭ್ಯಾಸವಾಗಿ, ಎಲುಬು ಮತ್ತು ಸ್ನಾಯುಗಳು ಬಲಿತ ಮೇಲೆ, ಸಾಮಾನ್ಯವಾಗಿ ಹನ್ನೊಂದು ಹನ್ನೆರಡರ ವಯಸ್ಸಿಗೆ ಅದು ಆರಂಭವಾಗುತ್ತದೆ. ಮಕ್ಕಳಿಗೆ ಚಪ್ಪಾಳೆ ಗಿಟ್ಟಿಸಿಕೊಡುವ ಅವಸರಕ್ಕಿಂತ ಅವರ ಶರೀರದ ಮೇಲಿನ ಗೌರವ ದೊಡ್ಡದೆಂಬುದನ್ನು ಒಳ್ಳೆಯ ಗುರುಗಳು ಎಲ್ಲ ದೇಶಗಳಲ್ಲಿಯೂ ಬಲ್ಲರು.

ಇದರಲ್ಲಿ ಗೋದಲಿಯಿಲ್ಲ, ಕುರುಬರಿಲ್ಲ, ಜ್ಯೋತಿಷಿ ಅರಸರಿಲ್ಲ; ಇದು ಕ್ರಿಸ್ತ ಜಯಂತಿಯ ಕಥೆ ಹೇಗಾದೀತು ಎಂದು ಕೇಳುವವರುಂಟು. ನಿಜ, ಇದು ಧಾರ್ಮಿಕ ರೂಪಕವಲ್ಲ. ಆದರೂ ಎಲ್ಲರೂ ನಕ್ಕು ಬಿಸುಟ ಕುರೂಪಿ ಬೊಂಬೆಯನ್ನು ಒಬ್ಬ ಬಾಲಿಕೆ ಎತ್ತಿಕೊಂಡುದರಿಂದಲೇ ಇಡೀ ಕಥೆ ನಡೆಯುತ್ತದೆ. ಛತ್ರದಲ್ಲಿ ಸ್ಥಳವಿಲ್ಲದವರಿಗಾಗಿ ಹಬ್ಬ ಆಚರಿಸುವ ನಮಗೆ ಈ ಮಾತು ಅಪರಿಚಿತವಾಗಬಾರದು.

ಈಗ ನಮ್ಮ ನೆಲದ ಕಡೆಗೆ ನೋಡೋಣ. ರಾತ್ರಿಯಿಡೀ ಹಾಡಿ ಕುಣಿದು ಕಥೆ ಹೇಳುವ ವಿದ್ಯೆ ಗೋಕಾವಿ ನಾಡಿಗೆ ಪರದೇಶದಿಂದ ಬರಬೇಕಾಗಿರಲಿಲ್ಲ. ರಾಯಚೂರು ಸೀಮೆಯ ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿ, ಮಾತು ಕೂಡಿಸಿ, ಜನರ ಕೈಗೆ ಕೊಟ್ಟವನು ಇದೇ ಸೀಮೆಯ ಕುಲಗೋಡ ತಮ್ಮಣ್ಣ. ಸ್ವರ್ಗದ ಹೂವೊಂದು ರುಕ್ಮಿಣಿಗೆ ಸಂದಿತೆಂದು ಸತ್ಯಭಾಮೆ ಮುನಿಯುವುದು, ಕೃಷ್ಣ ಕೊರವಂಜಿಯ ವೇಷದಲ್ಲಿ ಬರುವುದು, ಇದೆಲ್ಲ ಬೆಳಗಾವಿ, ವಿಜಾಪುರ ಜಿಲ್ಲೆಗಳ ರೈತನಿಗೆ ಬಾಯಿಪಾಠವಾಗಿತ್ತು. ಹೆಣ್ಣುಮಕ್ಕಳು ರಂಗವೇರುವುದನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ಪಾರಿಜಾತದ ಅಭಿನಯದಿಂದಲೂ ಗಾಯನದಿಂದಲೂ ಮನೆಮಾತಾದಳು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು ಈ ಬಯಲಾಟಗಳ ಸತ್ತ್ವವನ್ನೇ ಹೀರಿಕೊಂಡು ‘ಜೋಕುಮಾರಸ್ವಾಮಿ’ಯಂತಹ ನಾಟಕ ರಚಿಸಿ, 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ನಾಡಿಗೆ ತಂದುಕೊಟ್ಟರು.

ಇಷ್ಟು ಸಂಪತ್ತು ಇದ್ದೂ, ಡಿಸೆಂಬರಿನ ಸಮಾರಂಭಗಳಲ್ಲಿ ನಮ್ಮ ಮಕ್ಕಳು ಏನನ್ನು ಕುಣಿಯುತ್ತಿದ್ದಾರೆ? ಅನೇಕ ಕಡೆ ಒಂದು ಸಿನಿಮಾ ಹಾಡನ್ನು ಧ್ವನಿವರ್ಧಕದಲ್ಲಿ ಹಚ್ಚಿ, ಹತ್ತು ದಿನ ಕಲಿಸಿ, ಹನ್ನೊಂದನೆಯ ದಿನ ಮರೆತುಬಿಡುತ್ತೇವೆ. ಮುಂದಿನ ವರ್ಷ ಮತ್ತೊಂದು ಹಾಡು. ಅದರಿಂದ ಮಗುವಿಗೆ ಬೆಳೆಯುತ್ತ ಏರಿಹೋಗುವ ಮೆಟ್ಟಿಲು ಸಿಗುವುದಿಲ್ಲ. ಊರಿಗೆ ನೆನಪೂ ಉಳಿಯುವುದಿಲ್ಲ. ಇದಕ್ಕಿಂತ ನೋವಿನ ಸಂಗತಿ ಇನ್ನೊಂದು. ಕಾಲು ತಾಳಕ್ಕೆ ಒಗ್ಗಿ, ಮುಖದಲ್ಲಿ ಭಾವ ಮೂಡತೊಡಗುವ ಹನ್ನೆರಡು ಹದಿಮೂರರ ವಯಸ್ಸಿಗೇ ಎಷ್ಟೋ ಮನೆಗಳಲ್ಲಿ ಹುಡುಗಿಗೆ ‘ಇನ್ನು ಸಾಕವ್ವ’ ಎಂದು ಹೇಳಿಬಿಡುತ್ತೇವೆ. ಅದೇ ವಯಸ್ಸಿನಲ್ಲಿ ಬೇರೆ ದೇಶದ ಹುಡುಗಿ ಬೆರಳ ತುದಿಯ ಮೇಲೆ ನಿಲ್ಲಲು ಆರಂಭಿಸುತ್ತಾಳೆ. ನಿಂಗಮ್ಮನನ್ನು ಕೊಂಡಾಡುವ ನಾವು ನಮ್ಮ ಮನೆಯ ಹುಡುಗಿಯ ಗೆಜ್ಜೆಯನ್ನು ಬಿಚ್ಚಿಡುವುದು ನ್ಯಾಯವೇ?

ಪಾಶ್ಚಾತ್ಯರ ಬ್ಯಾಲೆಯನ್ನು ಇದ್ದಂತೆಯೇ ಇಲ್ಲಿ ನೆಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಅದರಲ್ಲಿಯೂ ತಿದ್ದತಕ್ಕ ಅಂಶಗಳುಂಟು. ಚೀನೀ ಜನರನ್ನು ಗೇಲಿಮಾಡುವಂತಿದ್ದ ಚಹಾದ ನೃತ್ಯವನ್ನು ಇತ್ತೀಚಿನ ವರ್ಷಗಳಲ್ಲಿ ಅನೇಕ ಸಂಸ್ಥೆಗಳು ಬದಲಿಸಿವೆ. ಹಳೆಯದನ್ನು ಉಳಿಸಿಕೊಳ್ಳುವವರು ಅದನ್ನು ಶುಚಿಗೊಳಿಸುತ್ತಲೂ ಇರಬೇಕು. ನಾವು ಎರವಲು ಪಡೆಯಬೇಕಾದುದು ಅವರ ಕ್ರಮವನ್ನು. ಒಂದು ಕಥೆಯನ್ನು ಆರಿಸಿಕೊಳ್ಳಿರಿ. ಬೇಕಾದರೆ ಗೋದಲಿಯ ಕಥೆಯನ್ನೇ ಆರಿಸಿಕೊಳ್ಳಿರಿ. ಅದನ್ನು ಪ್ರತಿ ವರ್ಷವೂ ಆಡಿರಿ. ಕುರಿಮರಿಯಾದ ಮಗು ಮುಂದೆ ಕುರುಬನಾಗಲಿ, ದೇವದೂತನಾಗಲಿ, ಕೊನೆಗೆ ಭಾಗವತನಾಗಿ ಕಥೆಯನ್ನೇ ನಡೆಸಲಿ. ಧ್ವನಿಮುದ್ರಿಕೆಯ ಬದಲು ಊರಿನ ಹಾರ್ಮೋನಿಯಂ, ತಬಲಾ ವಾದಕರನ್ನು ಕರೆಯಿರಿ. ಪಾರಿಜಾತ ಬಲ್ಲ ಹಿರಿಯ ಕಲಾವಿದರನ್ನು ಗುರುಗಳೆಂದು ಆದರಿಸಿ ಮಕ್ಕಳ ಮುಂದೆ ಕೂರಿಸಿರಿ. ಬೊಂಬೆ, ವೇಷ, ಕಿರೀಟಗಳನ್ನು ಗೋಕಾಕದ ಕುಶಲಕರ್ಮಿಗಳಿಂದ ಮಾಡಿಸಿರಿ. ಎಲ್ಲ ಮತಗಳ ಮನೆಗಳ ಮಕ್ಕಳಿಗೂ ಅದರಲ್ಲಿ ಎಡೆಯಿರಲಿ. ಹುಡುಗಿಯರು ದೊಡ್ಡವರಾದ ಮೇಲೂ ರಂಗದ ಮೇಲಿರಲೆಂದು ತಾಯಂದಿರು ಪಟ್ಟುಹಿಡಿಯಲಿ.

ಇದಕ್ಕೆ ಹೆಚ್ಚಿನ ಹಣ ಬೇಕಾಗದು. ಹತ್ತು ವರ್ಷಗಳ ತಾಳ್ಮೆ ಬೇಕು. ಟೀಕೆಗೆ ಗುರಿಯಾದ ಒಂದು ನೃತ್ಯರೂಪಕ ಅರ್ಧ ಶತಮಾನದ ಮೇಲೆ ಜಗತ್ತಿನ ಮಕ್ಕಳ ಹಬ್ಬವಾಯಿತು. ನೂರು ವರ್ಷಗಳ ಲೆಕ್ಕ ಹಾಕಿ ಸಂತೋಷಪಡುವ ಇಂತಹ ಸಂದರ್ಭದಲ್ಲಿ ಮುಂದಿನ ಹತ್ತು ವರ್ಷಗಳ ಸಂಕಲ್ಪವನ್ನು ಮಾಡುವುದು ನಮಗೆ ಅಸಾಧ್ಯವಾಗಲಾರದು.