ಕನ್ನಡಿ ಪ್ರತಿ, ಕಾಪಿಟ್ಟ ಪ್ರತಿ



ಪರೀಕ್ಷೆ ಹತ್ತಿರವಾದಾಗ ಗ್ರಂಥಾಲಯದ ಒಂದೇ ಪುಸ್ತಕಕ್ಕೆ ಹತ್ತಾರು ಮಂದಿ ಕಾದು ನಿಲ್ಲುವುದನ್ನು ನೀವು ಕಂಡಿದ್ದೀರಿ. ಅದರ ನಾಲ್ಕು ಪ್ರತಿಗಳಿದ್ದರೆ ಸಾಲು ಬೇಗ ಕರಗುತ್ತದೆ. ಕಂಪ್ಯೂಟರ್ ಪ್ರೋಗ್ರಾಂಗಳ ಸೋರ್ಸ್ ಕೋಡನ್ನು ಕೂಡಿಡುವ ಭಂಡಾರಗಳಿಗೂ, ಅಂದರೆ ರೆಪಾಸಿಟರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಸಾವಿರಾರು ಜನ ಒಮ್ಮೆಲೇ ಕೋಡ್ ಕೇಳಿದರೆ ಒಂದೇ ಸರ್ವರ್ ಕುಸಿಯುತ್ತದೆ. ಆದ್ದರಿಂದ ಬರೆಯುವವರಿಗೆ ಒಂದು ಮುಖ್ಯ ಸರ್ವರ್, ಓದುವವರಿಗೆ ಹಲವು ಮಿರರ್ ಸರ್ವರ್‌ಗಳು ಎಂದು ಕೆಲಸವನ್ನು ಹಂಚುತ್ತಾರೆ. ಮಿರರ್ ಎಂದರೆ ಕನ್ನಡಿ. ಅವು ಮುಖ್ಯ ಸರ್ವರ್‌ನ ಬದಲಾವಣೆಗಳನ್ನು ಆಗಾಗ್ಗೆ ನಕಲು ಮಾಡಿಕೊಳ್ಳುತ್ತವೆ. ಒಂದು ಮಿರರ್ ಕೆಟ್ಟರೆ ಅಥವಾ ಹಿಂದೆ ಬಿದ್ದರೆ, ಅದು ಸರಿಹೋಗುವವರೆಗೆ ಬಳಕೆದಾರರನ್ನು ಬೇರೊಂದಕ್ಕೆ ಕಳುಹಿಸಬಹುದು.

ಇಷ್ಟು ವ್ಯವಸ್ಥೆಯಿದ್ದರೆ ಭಯವಿಲ್ಲವೇ? ಇದೆ. ಕನ್ನಡಿಯು ಮುಖದ ಅಂದವನ್ನು ತೋರಿಸುವಂತೆಯೇ ಮಸಿಯನ್ನೂ ತೋರಿಸುತ್ತದೆ!

ಕೆಡಿಇ ಎಂಬುದು 1996ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಯೋಜನೆ. ಅದರ ಸುಮಾರು 1500 ರೆಪಾಸಿಟರಿಗಳು ಗಿಟ್ ವ್ಯವಸ್ಥೆಯಲ್ಲಿದ್ದವು. 2013ರ ಮಾರ್ಚ್‌ನಲ್ಲಿ, ಸುರಕ್ಷತಾ ಅಪ್‌ಡೇಟ್‌ಗಾಗಿ ನಿಲ್ಲಿಸಿದ್ದ ಮುಖ್ಯ ಸರ್ವರನ್ನು ಮತ್ತೆ ಆರಂಭಿಸಿದಾಗ ಅದರ ಫೈಲ್ ಸಿಸ್ಟಮ್ ಕೆಟ್ಟಿರುವುದು ಗೊತ್ತಾಯಿತು. ಮಿರರ್‌ಗಳಿವೆಯಲ್ಲ ಎಂದು ಅತ್ತ ನೋಡಿದರೆ ಅಲ್ಲಿಯೂ ಅದೇ ಗತಿ! ಯಾವ ಯಾವ ರೆಪಾಸಿಟರಿಗಳಿವೆ ಎಂದು ಹೇಳುವ ಪಟ್ಟಿಯೇ ಹಾಳಾಗಿತ್ತು. ಪಟ್ಟಿಯಲ್ಲಿ ಕಾಣದವುಗಳನ್ನು ಅಳಿಸಬೇಕೆಂದು ತಿಳಿದು ಮಿರರ್‌ಗಳು ಅವನ್ನು ಅಳಿಸಿಹಾಕಿದ್ದವು. ಅವು ತಪ್ಪು ಮಾಡಲಿಲ್ಲ, ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದವು. ಅದೃಷ್ಟವಶಾತ್ ಒಂದು ಸರ್ವರ್‌ನಲ್ಲಿ ಮಾತ್ರ ಒಳ್ಳೆಯ ಪ್ರತಿ ಉಳಿದಿತ್ತು. ಅದರಿಂದಲೇ ಎಲ್ಲವನ್ನೂ ಮತ್ತೆ ಕಟ್ಟಿದರು. ಅನೇಕರು ವರ್ಷಗಟ್ಟಲೆ ದುಡಿದ ಶ್ರಮ ಕೂದಲೆಳೆಯಲ್ಲಿ ಉಳಿಯಿತು.

ಇದರಿಂದ ನಾವು ಕಲಿಯಬೇಕಾದುದೇನು? ಮಿರರ್ ಇರುವುದು ದಟ್ಟಣೆಯನ್ನು ನಿಭಾಯಿಸಲು. ಬ್ಯಾಕಪ್ ಇರುವುದು ತಪ್ಪಿನಿಂದ ಕಾಪಾಡಲು. ಒಂದು ಇನ್ನೊಂದರ ಕೆಲಸ ಮಾಡದು. ಬ್ಯಾಕಪ್ ಪ್ರತಿಯು ಮುಖ್ಯ ಸರ್ವರನ್ನು ಕಣ್ಣುಮುಚ್ಚಿ ಹಿಂಬಾಲಿಸಬಾರದು. ನಿನ್ನೆಯದು, ಕಳೆದ ವಾರದ್ದು ಎಂದು ದಿನಾಂಕವಾರು ಪ್ರತಿಗಳು ಬೇರೆ ಕಡೆ ಇರಬೇಕು. ಪಟ್ಟಿ ಇದ್ದಕ್ಕಿದ್ದಂತೆ ಅರ್ಧಕ್ಕಿಳಿದರೆ ಮಿರರ್ ಅಳಿಸುವ ಮೊದಲು ನಿಂತು, ನಿರ್ವಾಹಕರನ್ನು ಕೇಳಬೇಕು. ಗಿಟ್‌ನಲ್ಲಿ ದತ್ತಾಂಶ ಸರಿಯಿದೆಯೇ ಎಂದು ಪರೀಕ್ಷಿಸುವ ಆಜ್ಞೆಯೇ ಇದೆ. ಅದನ್ನು ನಿಯಮಿತವಾಗಿ ಬಳಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಕಪ್‌ನಿಂದ ಮತ್ತೆ ಕಟ್ಟಲು ಸಾಧ್ಯವೇ ಎಂದು ಆಪತ್ತು ಬರುವ ಮೊದಲೇ ಮಾಡಿ ನೋಡಬೇಕು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಪ್ರಾಜೆಕ್ಟ್ ಕೆಲಸಕ್ಕೂ ಇದೇ ನಿಯಮ. ಕಂಪ್ಯೂಟರಿನಲ್ಲಿ ಅಳಿಸಿದ್ದು ಸಿಂಕ್ ಆದ ಫೋನಿನಲ್ಲೂ ಅಳಿಯಬಹುದು. ಇಂದು ಮನೆಗೆ ಹೋದ ಕೂಡಲೇ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ದಿನಾಂಕ ಬರೆದಿಡಿ. ನಂತರ ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ನಂಬಬೇಡಿ.