ಜೀನಸಿನ ಅಂಗಡಿ: ನಮ್ಮ ಶಾಲೆಯ ಇನ್ನೊಂದು ಕೊಠಡಿ

(ಶತಮಾನೋತ್ಸವದ ಅಂಗವಾಗಿ ಜರಗಿದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಶಾಲೆಯ ಸ್ಥಾಪನೆ, ಕಟ್ಟಡಗಳ ಏಳಿಗೆ, ಅಧ್ಯಾಪಕರ ಪರಂಪರೆ ಇವುಗಳನ್ನು ಕುರಿತು ಬಲ್ಲವರು ಈ ವೇದಿಕೆಯಲ್ಲಿ ಈಗಾಗಲೇ ವಿವರವಾಗಿ ಮಾತನಾಡಿದ್ದಾರೆ. ನಾವು ಆಯ್ದುಕೊಂಡಿರುವ ವಿಷಯ ಅವುಗಳ ಮುಂದೆ ತೀರ ಸಣ್ಣದು. ಶಾಲೆಯ ಗೇಟಿನಿಂದ ಹೊರಟು ಪೇಟೆಯ ಕವಲುದಾರಿಯನ್ನು ಮುಟ್ಟುವಷ್ಟರಲ್ಲಿ ಸಿಗುತ್ತಿದ್ದ ಅಂಗಡಿಗಳು ಮತ್ತು ಅಲ್ಲಿ ನಡೆಯುತ್ತಿದ್ದ ವ್ಯಾಪಾರವೇ ಆ ವಿಷಯ. ನಾವು ಈ ಶಾಲೆಯಲ್ಲಿ ಕಲಿತು, ಬಳಿಕ ಇದೇ ಶಾಲೆಯಲ್ಲಿ ಕಲಿಸಲು ತೊಡಗಿದವರು. ಎರಡೂ ಕಡೆಯಿಂದ ನೋಡಿದಾಗ ನಮಗೆ ಅನಿಸಿರುವುದಿಷ್ಟು: ತರಗತಿಯಲ್ಲಿ ಕಲಿತ ಕನ್ನಡಕ್ಕೂ ಲೆಕ್ಕಕ್ಕೂ ಮೊದಲ ಪರೀಕ್ಷೆ ನಡೆಯುತ್ತಿದ್ದುದು ಆ ಅಂಗಡಿಗಳ ಜಗಲಿಯ ಮೇಲೆ.

ಈ ಶಾಲೆ ಆರಂಭವಾದ ಕಾಲದಲ್ಲಿ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಅಕ್ಕಿಯ ಲೆಕ್ಕ ಬೇರೆ: 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಎಂದರೆ 42 ಸೇರು. ಮುಡಿಗೆ ಇಷ್ಟು ರೂಪಾಯಿಯಾದರೆ ಐದು ಸೇರಿಗೆ ಎಷ್ಟು ಆಣೆ ಎಷ್ಟು ಪೈ ಎಂಬ ಪ್ರಶ್ನೆಗೆ ಬಾಯಿಲೆಕ್ಕದಲ್ಲೇ ಉತ್ತರ ಹೇಳಬೇಕಿತ್ತು. ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದುದು ಸುಮ್ಮನೆ ಅಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಐದು ತಿಂಗಳು ಕಳೆದು, 1957ರ ಏಪ್ರಿಲ್ 1ರಂದು ನಯೇ ಪೈಸೆ ಬಂತು. 1958ರಿಂದ ಹಂತಹಂತವಾಗಿ ಕಿಲೋಗ್ರಾಮಿನ ತೂಕ ಜಾರಿಗೆ ಬಂತು. ರಾಜ್ಯ, ನಾಣ್ಯ, ತೂಕ ಮೂರೂ ಕೆಲವೇ ವರ್ಷಗಳಲ್ಲಿ ಬದಲಾದಾಗ ಆದ ಗಲಿಬಿಲಿಯನ್ನು ನಮ್ಮ ಹಿರಿಯರು ನಕ್ಕು ಹೇಳುತ್ತಿದ್ದರು. ಒಂದು ಆಣೆಗೆ ಆರೂಕಾಲು ಪೈಸೆಯಾಗಬೇಕು. ಆದರೆ ಕಾಲು ಪೈಸೆಯ ನಾಣ್ಯವೇ ಇಲ್ಲ. ಆದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಪೈಸೆ ಎಂದು ಸರಕಾರ ಪಟ್ಟಿ ಮಾಡಿತು. ಒಂದೊಂದಾಣೆಯ ಸಾಮಾನನ್ನು ನಾಲ್ಕು ಸಲ ಕೊಂಡರೆ 24 ಪೈಸೆ, ಒಮ್ಮೆಗೇ ಕೊಂಡರೆ 25 ಪೈಸೆ! ಆ ಒಂದು ಪೈಸೆ ಯಾರಿಗೆ ಸೇರಬೇಕೆಂಬ ವಾದವನ್ನು ಬಗೆಹರಿಸಲು ಅಂಗಡಿಯವರು ಶಾಲೆಯ ಮಕ್ಕಳನ್ನು ಕರೆದು ಕೇಳುತ್ತಿದ್ದರಂತೆ.

ನಮ್ಮ ಬಾಲ್ಯ ಇದಕ್ಕಿಂತ ಈಚಿನದು, 1970ರ ದಶಕದ ಕೊನೆ ಮತ್ತು 1980ರ ದಶಕದ ಆರಂಭ. ಒಂದೊಂದಾಗಿ ಕಳಚಿಡುವ ಮರದ ಹಲಗೆಗಳೇ ಅಂಗಡಿಯ ಬಾಗಿಲು. ಯಾವ ಹಲಗೆ ಯಾವುದರ ಪಕ್ಕಕ್ಕೆ ಎಂದು ತಿಳಿಯಲು ಅವುಗಳ ಮೇಲೆ ಕನ್ನಡದ ಅಂಕಿಗಳು. ಜಗಲಿಯಲ್ಲಿ ಕಲ್ಲುಪ್ಪಿನ ಮರಿಗೆ, ಒಳಗೆ ಸಾಲಾಗಿ ಬಾಯಿ ಬಿಚ್ಚಿ ನಿಲ್ಲಿಸಿದ ಗೋಣಿಗಳು, ಮೇಲಿನಿಂದ ಇಳಿಬಿಟ್ಟ ತಕ್ಕಡಿ, ಗಲ್ಲದ ಪಕ್ಕದಲ್ಲಿ ಪೆಪ್ಪರ್‌ಮಿಂಟಿನ ಗಾಜಿನ ಭರಣಿ. ಚಿಮಿಣಿ ಎಣ್ಣೆಗೂ ತೆಂಗಿನೆಣ್ಣೆಗೂ ಮನೆಯಿಂದಲೇ ಬಾಟಲಿ ಒಯ್ಯಬೇಕು. ಕುತ್ತಿಗೆಗೆ ಕಟ್ಟಿದ ಹುರಿಯ ಗಂಟಿನಿಂದ ಯಾವ ಬಾಟಲಿ ಯಾವುದಕ್ಕೆ ಎಂದು ಗುರುತು ಹಿಡಿಯಬೇಕು. ಮನೆಯಲ್ಲಿ ಅಜ್ಜಿ ಹೇಳುವುದು ಸೇರು, ಪಾವು. ಅಂಗಡಿಯಲ್ಲಿ ಕೇಳಬೇಕಾದದ್ದು ಕಿಲೋ, ಗ್ರಾಮು. ನಾಲ್ಕಾಣೆ, ಎಂಟಾಣೆ ಎಂಬ ಮಾತಂತೂ ಆಣೆ ಹೋಗಿ ಅರ್ಧ ಶತಮಾನ ಕಳೆದರೂ ಉಳಿದಿತ್ತು. 2011ರಲ್ಲಿ 25 ಪೈಸೆಯ ನಾಣ್ಯ ಚಲಾವಣೆಯಿಂದ ಹೋದಾಗ ನಾಲ್ಕಾಣೆಯೂ ಹೋಯಿತು.

ಅಂಗಡಿಗೆ ಹೋಗುವ ಮಗುವಿನ ಕೈಯಲ್ಲಿ ಒಂದು ಚೀಟಿ ಇರುತ್ತಿತ್ತು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಅಮ್ಮನಿಗಾಗಲಿ ಅಜ್ಜಿಗಾಗಲಿ ಬರೆಯಲು ಬರುತ್ತಿರಲಿಲ್ಲ. ಆದುದರಿಂದ ಮೂರನೆಯ ತರಗತಿಯ ಮಗುವೇ ಮನೆಯ ಗುಮಾಸ್ತ. ಅಮ್ಮ ಒಲೆಯ ಮುಂದಿನಿಂದ ತುಳುವಿನಲ್ಲಿ ಹೇಳಿದ್ದನ್ನು ನಾವು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆವು. ಒಮ್ಮೆ ನಮ್ಮ ಚೀಟಿಯಲ್ಲಿ ‘ತೊಗರಿ ಬೆಲೆ ಅರ್ಧ ಕಿಲೋ’ ಎಂದಿತ್ತು. ಮನೆಮಾತು ಕೊಂಕಣಿಯಾದ, ಇದೇ ಶಾಲೆಯಲ್ಲಿ ಐದನೆಯವರೆಗೆ ಓದಿದ್ದ ಅಂಗಡಿಯ ಧಣಿಗಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೇಳಿದರು: “ಬೆಲೆಯನ್ನು ಕಿಲೋ ಲೆಕ್ಕದಲ್ಲಿ ಕೊಡುವ ಅಂಗಡಿ ಎಲ್ಲುಂಟು ಮಗಳೇ? ಇಲ್ಲಿ ಬೇಳೆ ಮಾತ್ರ ಉಂಟು.” ಬಳಿಕ ಕಿವಿಯ ಮೇಲಿನ ಪೆನ್ಸಿಲು ತೆಗೆದು ತಿದ್ದಿ ಕೊಟ್ಟರು. ಬೆಲೆ, ಬೆಳೆ, ಬೇಳೆಗಳ ವ್ಯತ್ಯಾಸವನ್ನು ಆಮೇಲೆ ನಾವು ಮರೆತದ್ದಿಲ್ಲ. ಇಂದು ಉಕ್ತಲೇಖನ ತಿದ್ದುವಾಗಲೂ ಆ ಪೆನ್ಸಿಲು ನೆನಪಾಗುತ್ತದೆ.

ಸಾಮಾನು ಕಟ್ಟಿಕೊಡುತ್ತಿದ್ದ ಕಾಗದವೂ ಪಾಠವೇ. ಸಕ್ಕರೆಯ ಪೊಟ್ಟಣದ ನೂಲನ್ನು ಜಾಗ್ರತೆಯಿಂದ ಬಿಚ್ಚಿ ಉಂಡೆಗೆ ಸುತ್ತಿಡುವುದು ಅಮ್ಮನ ಕೆಲಸ, ಕಾಗದವನ್ನು ನೀವಿ ಓದುವುದು ನಮ್ಮ ಕೆಲಸ. ಕಥೆಯ ಅರ್ಧ ಭಾಗ ಸಿಕ್ಕಿ, ಉಳಿದರ್ಧ ಬೆಲ್ಲದ ಜೊತೆ ಇನ್ನಾರದೋ ಮನೆಗೆ ಹೋಗಿರುತ್ತಿತ್ತು. ಒಮ್ಮೊಮ್ಮೆ ಮಲಯಾಳ ಪತ್ರಿಕೆಯ ಹಾಳೆ ಬರುತ್ತಿತ್ತು. ಶಾಲೆಯಲ್ಲಿ ಕಲಿಯುವ ಮೊದಲೇ ಆ ಲಿಪಿಯ ಕೆಲವು ಅಕ್ಷರಗಳು ನಮಗೆ ಪರಿಚಯವಾದದ್ದು ಹೀಗೆ. ಪೇಟೆಯಲ್ಲಿ ಕೇಳುತ್ತಿದ್ದುದೂ ಹಲವು ಮಾತು: ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಮರಾಠಿ, ಹವ್ಯಕರ ಕನ್ನಡ. ಚೌಕಾಸಿ ಯಾವ ಭಾಷೆಯಲ್ಲಿ ನಡೆದರೂ ಆ ಅಂಗಡಿಯ ಲೆಕ್ಕ ಕನ್ನಡದಲ್ಲಿ ಇರುತ್ತಿತ್ತು. ನಮ್ಮ ಶಾಲೆಯ ಕನ್ನಡ ಊರಿಗೆ ಬೇಕಾದ ಕನ್ನಡವಾಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇಡ.

ವರ್ಷದ ವ್ಯಾಪಾರಕ್ಕೆ ತನ್ನದೇ ಪಂಚಾಂಗವಿತ್ತು. ಮೇ ತಿಂಗಳಿನಲ್ಲಿ ಮಳೆಗಾಲಕ್ಕೆಂದು ಉಪ್ಪು, ಮೆಣಸು, ಹುಳಿ, ಒಣಮೀನು ತುಂಬಿಸುವ ಗಡಿಬಿಡಿ. ಜೂನಿನಲ್ಲಿ ಶಾಲೆ ತೆರೆಯುವಾಗ ಕೊಡೆ, ಸ್ಲೇಟು, ಕಡ್ಡಿ, ಮೀಟರಿನಲ್ಲಿ ಅಳೆದು ಕೊಡುವ ಸಮವಸ್ತ್ರದ ಬಟ್ಟೆ. ‘ಬೆಳೆಯುವ ಮಗು’ ಎಂದು ದರ್ಜಿಗೆ ಹೇಳಿ ಎರಡು ವರ್ಷಕ್ಕಾಗುವಂತೆ ಹೊಲಿಸುತ್ತಿದ್ದರು. ಓಣಂ ಹತ್ತಿರವಾದಾಗ ಖಾದಿ ಮತ್ತು ಕೈಮಗ್ಗದ ಬಟ್ಟೆಗಳಿಗೆ ಸರಕಾರದ ರಿಯಾಯಿತಿ. ‘ರಿಬೇಟು’ ಎಂಬ ಮಾತನ್ನೂ ಶೇಕಡಾ ಲೆಕ್ಕವನ್ನೂ ನಾವು ಒಟ್ಟಿಗೆ ಕಲಿತೆವು. ದೀಪಾವಳಿಗೆ ಅಂಗಡಿ ಪೂಜೆ, ಹೊಸ ಲೆಕ್ಕದ ಪುಸ್ತಕ, ಬಂದವರಿಗೆಲ್ಲ ಪಂಚಕಜ್ಜಾಯ. ಓಣಂ ಎಂದರೆ ಮಹಾಬಲಿ ಬರುವ ಹಬ್ಬ. ದೀಪಾವಳಿಯಲ್ಲಿ ನಮ್ಮವರು ಗದ್ದೆಯ ಬದುವಿನಲ್ಲಿ ದೀಪವಿಟ್ಟು ಕೂಗಿ ಕರೆಯುವುದೂ ಅದೇ ಬಲೀಂದ್ರನನ್ನು. ಒಬ್ಬನೇ ಅರಸನ ಹೆಸರಿನಲ್ಲಿ ವರ್ಷಕ್ಕೆ ಎರಡು ಸಲ ಹೊಸ ಬಟ್ಟೆಯ ಆಸೆ ಇಟ್ಟುಕೊಳ್ಳಬಹುದಾಗಿದ್ದ ಮಕ್ಕಳು ನಾವು. ಆಸೆ ಎರಡು ಸಲ. ಬಟ್ಟೆ ಬರುತ್ತಿದ್ದುದು ಒಂದೇ ಸಲ.

ಬಂಧುಗಳೇ, ಇಷ್ಟಕ್ಕೇ ನಿಲ್ಲಿಸಿದರೆ ಅಂದಿನ ದಿನಗಳು ಬಹಳ ಸೊಗಸಾಗಿದ್ದವು ಎಂದು ತೋರಬಹುದು. ಅಧ್ಯಾಪಕರಾದ ನಾವು ಅರ್ಧ ಲೆಕ್ಕ ಒಪ್ಪಿಸಬಾರದು. ಆ ಅಂಗಡಿಗಳಲ್ಲಿ ಕಡದ ಪುಸ್ತಕವೆಂಬುದೊಂದಿತ್ತು. ಕೈಯಲ್ಲಿ ಕಾಸಿಲ್ಲದ ಆಟಿ ತಿಂಗಳಿನಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಪುಸ್ತಕದ ಬಲದಿಂದ. ಆದರೆ ಕಡ ಕೊಟ್ಟವನಿಗೆ ಮಾತಿನ ಅಧಿಕಾರವೂ ಸಿಗುತ್ತಿತ್ತು. ಸಣ್ಣ ಅಡಿಕೆ ಬೆಳೆಗಾರನು ಕಡ ತಂದ ಕಡೆಯೇ ಅಡಿಕೆ ಹಾಕಬೇಕು. ಧಾರಣೆ ಎಷ್ಟೆಂದು ಕೇಳುವ ಧೈರ್ಯ ಅವನಿಗಿರುತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದ ಬಳಿಕ, 1973ರಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರಿಗಾಗಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಹುಟ್ಟಿದುದರ ಹಿಂದೆ ಇಂತಹ ಅನುಭವಗಳಿದ್ದವು. 1974ರಲ್ಲಿ ಆರಂಭವಾದ ಕೇರಳದ ನಾಗರಿಕ ಪೂರೈಕೆ ನಿಗಮವು ಮುಂದೆ ಮಾವೇಲಿ ಸ್ಟೋರುಗಳನ್ನು ತೆರೆದಾಗ, ಬಡವನಿಗೂ ಧನಿಕನಿಗೂ ಒಂದೇ ಬೆಲೆ ಎಂಬುದು ನಮ್ಮ ಹೆತ್ತವರಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಒಂದು ಘಟನೆಯನ್ನು ಹೇಳದೆ ಮುಂದುವರಿಯಲಾರೆವು. ನಾವು ಆರನೆಯ ತರಗತಿಯಲ್ಲಿದ್ದೆವು. ನಮ್ಮ ಸಹಪಾಠಿಯೊಬ್ಬಳ ತಾಯಿ ಬೀಡಿ ಕಟ್ಟುತ್ತಿದ್ದರು. ಆ ಮಳೆಗಾಲದಲ್ಲಿ ಕೆಲವು ವಾರ ಎಲೆ, ಹೊಗೆಸೊಪ್ಪು ಸಿಗದೆ ಕೂಲಿಯೂ ಇರಲಿಲ್ಲ. ಶಾಲೆ ಬಿಟ್ಟು ಬರುವಾಗ ಅವಳು ಚೀಟಿ ಹಿಡಿದು ಪೇಟೆಯ ಒಂದು ಅಂಗಡಿಗೆ ಹತ್ತಿದಳು. ನಾವು ನಾಲ್ಕೈದು ಮಂದಿ ಮಳೆಗೆ ಅದೇ ಜಗಲಿಯಲ್ಲಿ ನಿಂತಿದ್ದೆವು. ಅಂಗಡಿಯವರು ಪುಸ್ತಕ ತೆರೆದು, ಅವಳ ತಾಯಿಯ ಹೆಸರನ್ನೂ ಬಾಕಿಯ ಮೊತ್ತವನ್ನೂ ಎಲ್ಲರಿಗೂ ಕೇಳುವಂತೆ ಓದಿ, “ಮೊದಲು ಇದು ಮುಗಿಯಲಿ” ಎಂದು ಚೀಟಿಯನ್ನು ಹಿಂದಿರುಗಿಸಿದರು. ಅವಳು ಚೀಟಿಯನ್ನು ಮಡಚಿ ಪುಸ್ತಕದೊಳಗಿಟ್ಟು ಮಳೆಯಲ್ಲೇ ನಡೆದಳು. ನಾವು ಯಾರೂ ಒಂದು ಮಾತನ್ನೂ ಆಡಲಿಲ್ಲ. ಕೊಡೆಯಿದ್ದವರು ಕೊಡೆ ಹಿಡಿದು ಹಿಂದೆ ಹೋಗಲೂ ಇಲ್ಲ. ಮರುವಾರದಿಂದ ಅವಳು ಶಾಲೆಗೆ ಬರಲಿಲ್ಲ. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಪೇಟೆಯ ಆ ದಾರಿಯಲ್ಲದೆ ಶಾಲೆಗೆ ಬೇರೆ ದಾರಿ ಅವಳಿಗಿರಲಿಲ್ಲ ಎಂಬುದು ನಮಗೆ ಗೊತ್ತಿತ್ತು.

ನಾವು ಅಧ್ಯಾಪಕವೃತ್ತಿಗೆ ಬಂದ ಮೇಲೆ ಇಟ್ಟುಕೊಂಡಿರುವ ನಿಯಮವೊಂದಿದೆ. ಪ್ರವಾಸದ ಹಣವಾಗಲಿ, ಪುಸ್ತಕದ ಹಣವಾಗಲಿ, ಬಾಕಿಯಿರುವ ಮಗುವಿನ ಹೆಸರನ್ನು ತರಗತಿಯಲ್ಲಿ ಓದಬಾರದು. ಇದರ ಕಾರಣವನ್ನು ಸಹೋದ್ಯೋಗಿಗಳಿಗೆ ನಾವು ಈವರೆಗೆ ಹೇಳಿದ್ದಿಲ್ಲ. ಇಂದು ಹೇಳಿದ್ದೇವೆ.

ಆ ಸಾಲಿನ ಅಂಗಡಿಗಳಲ್ಲಿ ಹೆಚ್ಚಿನವು ಈಗ ಇಲ್ಲ. ಸಾಮಾನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮೊದಲೇ ತೂಕವಾಗಿ ಬರುತ್ತದೆ. ಬೆಲೆಯನ್ನು ಯಂತ್ರ ಓದುತ್ತದೆ. ಹಣ ಮೊಬೈಲಿನಿಂದ ಹೋಗುತ್ತದೆ. ಬಡವರ ಬಾಕಿಯನ್ನು ಗಟ್ಟಿಯಾಗಿ ಓದುವವರಿಲ್ಲ ಎಂಬುದು ಒಳ್ಳೆಯದೇ. ಆದರೆ ಮಗುವಿನ ಚೀಟಿಯನ್ನು ತಿದ್ದುವವರೂ ಇಲ್ಲ. ನಾಲ್ಕನೆಯ ತರಗತಿಯಲ್ಲಿ ಕೇಳಿದಾಗ, ಒಬ್ಬರೇ ಅಂಗಡಿಗೆ ಹೋಗಿ ಸಾಮಾನು ತಂದು ಚಿಲ್ಲರೆ ಎಣಿಸಿದ ಮಕ್ಕಳು ಕೆಲವರೇ. ‘ಕನ್ನಡ ಕಲಿತು ಏನು ಪ್ರಯೋಜನ?’ ಎಂದು ದಾಖಲಾತಿಯ ಸಮಯದಲ್ಲಿ ಹೆತ್ತವರು ನಮ್ಮನ್ನು ಕೇಳುತ್ತಾರೆ. ಆ ಪ್ರಶ್ನೆಗೆ ಹಿಂದೆ ಪೇಟೆಯೇ ಉತ್ತರ ಹೇಳುತ್ತಿತ್ತು. ಈಗ ಉತ್ತರ ಹೇಳಬೇಕಾದವರು ನಾವು ಮತ್ತು ನೀವು.

ಆದುದರಿಂದ ಎರಡು ಕೋರಿಕೆಗಳು. ಮೊದಲನೆಯದು ಹೆತ್ತವರಲ್ಲಿ: ವಾರಕ್ಕೊಮ್ಮೆಯಾದರೂ ಮನೆಯ ಸಾಮಾನಿನ ಚೀಟಿಯನ್ನು ಮಗುವಿನ ಕೈಯಲ್ಲಿ ಕನ್ನಡದಲ್ಲಿ ಬರೆಯಿಸಿ. ತಪ್ಪಿದ್ದರೆ ತಿದ್ದಿ, ನಗಬೇಡಿ, ನಕ್ಕರೂ ನಮ್ಮ ಧಣಿಗಳಂತೆ ನಗಿ. ಎರಡನೆಯದು ಹಿರಿಯ ವಿದ್ಯಾರ್ಥಿಗಳಲ್ಲಿ: ಮನೆಯ ಅಟ್ಟದ ಮೇಲಿರುವ ಸೇರು, ಕಳಸೆ, ತಕ್ಕಡಿ, ಹಳೆಯ ಲೆಕ್ಕದ ಪುಸ್ತಕಗಳನ್ನು ಗುಜರಿಗೆ ಹಾಕದೆ ಶಾಲೆಗೆ ಕೊಡಿ. ನಮ್ಮ ಚೀಟಿ ತಿದ್ದಿದ್ದ ಆ ಧಣಿಗಳ ಮಕ್ಕಳು ಅಂಗಡಿ ಮುಚ್ಚಿದಾಗ ಮೂರು ಪುಸ್ತಕಗಳನ್ನೂ, ಕಂಬಿಗೆ ಚುಚ್ಚಿಟ್ಟ ಒಂದು ಕಟ್ಟು ಚೀಟಿಗಳನ್ನೂ ನಮಗೆ ಒಪ್ಪಿಸಿದ್ದಾರೆ. ಪಕ್ಕದ ಕೊಠಡಿಯ ಪ್ರದರ್ಶನದಲ್ಲಿ ಅವುಗಳನ್ನು ನೋಡಬಹುದು. ಪುಸ್ತಕದ ತೆರೆದ ಪುಟಗಳಲ್ಲಿ ಅಕ್ಕಿ, ಬೇಳೆ, ಚಿಮಿಣಿ ಎಣ್ಣೆಗಳ ಲೆಕ್ಕ ಕಾಣುತ್ತದೆ, ಹೆಸರುಗಳು ಕಾಣುವುದಿಲ್ಲ. ಏಳನೆಯ ತರಗತಿಯ ಮಕ್ಕಳು ಅವುಗಳ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿದ್ದಾರೆ. ಯಾಕೆ ಟೀಚರ್ ಎಂದು ಅವರು ಕೇಳಿದಾಗ, ಮಳೆಯಲ್ಲಿ ನಡೆದುಹೋದ ಹುಡುಗಿಯೊಬ್ಬಳ ಕಥೆಯನ್ನು ಮೊದಲ ಬಾರಿಗೆ ಅವರಿಗೇ ಹೇಳಿದೆವು.

ಅವಳು ಎಲ್ಲಿದ್ದರೂ ಈ ಶಾಲೆಯ ಹಿರಿಯ ವಿದ್ಯಾರ್ಥಿನಿಯೇ. ಈ ಸಂಚಿಕೆ ಹೇಗಾದರೂ ಅವಳ ಕೈ ಸೇರಲಿ ಎಂದು ಹಾರೈಸಿ ಮಾತು ಮುಗಿಸುತ್ತೇವೆ.