ದಣಿದ ಹೃದಯ, ಅಳತೆಯ ನಡಿಗೆ

ಮರದ ದೋಣಿಯನ್ನು ದಡಕ್ಕೆಳೆದು ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟರೆ ಹಲಗೆಗಳ ಸಂದು ಬಿಡುತ್ತದೆ. ಗಂಗೊಳ್ಳಿಯ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಪಾಡಲೆಂದು ಕೊಟ್ಟ ವಿಶ್ರಾಂತಿಯೇ ಕೇಡಾಗುವುದುಂಟು. ಈ ಮಾತು ಮನುಷ್ಯದೇಹಕ್ಕೂ ಸಲ್ಲುತ್ತದೆಂದು ನಾನು ಕಲಿತದ್ದು ನನ್ನ 68ನೆಯ ವಯಸ್ಸಿನಲ್ಲಿ.

ಕುಂದಾಪುರದಲ್ಲಿ ಅಧ್ಯಾಪಕನಾಗಿದ್ದು ನಿವೃತ್ತನಾದ ನನಗೆ ಮೆಟ್ಟಿಲೇರಿದರೆ ಏದುಸಿರು, ಸಂಜೆಯಾದರೆ ಪಾದಗಳಲ್ಲಿ ಬಾವು ಕಾಣಿಸತೊಡಗಿತು. ವೈದ್ಯರು ಹೃದಯ ವೈಫಲ್ಯವೆಂದರು. ಹೆಸರು ಭಯಂಕರವಾದದ್ದು, ಆದರೆ ಅದರ ಅರ್ಥ ಹೃದಯ ನಿಂತಿತೆಂದಲ್ಲ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ಒದಗಿಸುವ ಅದರ ಶಕ್ತಿ ಕುಂದಿದೆಯೆಂದು. ಆರೋಗ್ಯವಂತರ ಎಡ ಹೃತ್ಕುಕ್ಷಿ ಪ್ರತಿ ಮಿಡಿತದಲ್ಲೂ ತನ್ನಲ್ಲಿರುವ ರಕ್ತದ ಅರ್ಧಕ್ಕಿಂತ ಹೆಚ್ಚನ್ನು ಹೊರದೂಡುತ್ತದೆ. ನನ್ನದು ಶೇಕಡ 30ರಷ್ಟನ್ನು ಮಾತ್ರ. ನನ್ನಾಕೆ ಅಂದೇ ನನ್ನ ಚಪ್ಪಲಿಗಳನ್ನು ಅಡಗಿಸಿಟ್ಟಳು. “ಜಗಲಿ ಇಳಿದರೆ ನನ್ನಾಣೆ” ಎಂದಳು. ನಾನು ಆರಾಮಕುರ್ಚಿಯ ಕೈದಿಯಾದೆ. ಮೂರು ತಿಂಗಳಲ್ಲಿ ಬಾವಿಕಟ್ಟೆಯವರೆಗೆ ಹೋಗುವುದೂ ಪ್ರಯಾಸವಾಯಿತು.

ತಪ್ಪು ಅವಳದಲ್ಲ. ಕಳೆದ ಶತಮಾನದ ಬಹುಭಾಗ ವೈದ್ಯಶಾಸ್ತ್ರವೂ ಇಂಥವರಿಗೆ ಹಾಸಿಗೆಯನ್ನೇ ವಿಧಿಸುತ್ತಿತ್ತು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ತರುಣರನ್ನು ಸುಮಾರು ಮೂರು ವಾರ ಮಲಗಿಸಿ ನೋಡಿದರು. ಶ್ರಮದ ವೇಳೆ ಆಮ್ಲಜನಕವನ್ನು ಬಳಸುವ ಅವರ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ತರುಣರ ಗತಿಯೇ ಹೀಗಾದರೆ ರೋಗಿಯ ಪಾಡೇನು? ನಮ್ಮ ಏದುಸಿರಿಗೆ ಹೃದಯವೊಂದೇ ಕಾರಣವಲ್ಲ. ಕೆಲಸವಿಲ್ಲದೆ ಸೊರಗಿದ ಕಾಲಿನ ಸ್ನಾಯುಗಳು ಬಂದ ರಕ್ತವನ್ನೂ ಸರಿಯಾಗಿ ಬಳಸಿಕೊಳ್ಳಲಾರವು. ನಡಿಗೆ ಚೇತರಿಸುವುದು ಮುಖ್ಯವಾಗಿ ಇವುಗಳನ್ನು. ಅಮೆರಿಕ, ಕೆನಡಾ, ಫ್ರಾನ್ಸ್‌ಗಳ 2331 ರೋಗಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಪರೀಕ್ಷೆಯೊಂದು, ಅಳತೆಯರಿತ ವ್ಯಾಯಾಮ ಇಂಥವರಿಗೆ ಅಪಾಯಕರವಲ್ಲವೆಂದು ತೋರಿಸಿತು. ಆಯುಷ್ಯ ಬೆಳೆಯುತ್ತದೆಂಬುದಕ್ಕೆ ಪುರಾವೆ ಅಲ್ಪ. ಇರುವ ಬದುಕು ಹಗುರವಾಗುತ್ತದೆಂಬುದಕ್ಕೆ ಪುರಾವೆ ಹೆಚ್ಚು.

ನನ್ನ ವೈದ್ಯರು ಮೊದಲು ಔಷಧಗಳನ್ನು ಹದಕ್ಕೆ ತಂದರು. ಬಳಿಕ ಆಸ್ಪತ್ರೆಯ ಮೊಗಸಾಲೆಯಲ್ಲಿ ಆರು ನಿಮಿಷ ನಡೆಸಿದರು. 210 ಮೀಟರಿಗೆ ನಾನು ಸೋತೆ. ಅಲ್ಲಿಂದ ದಿನಕ್ಕೆ ಐದು ನಿಮಿಷದ ನಡಿಗೆ, ವಾರವಾರಕ್ಕೆ ಒಂದೆರಡು ನಿಮಿಷದ ಏರಿಕೆ. ಅವರು ಕೊಟ್ಟ ಅಳತೆಗೋಲು ನಮ್ಮ ಸೀಮೆಗೆ ಒಪ್ಪುವಂಥದು: ನಡೆಯುತ್ತ ಮಾತನಾಡಲು ಸಾಧ್ಯವಾಗಬೇಕು, ಭಾಗವತಿಕೆ ಮಾಡಲು ಸಾಧ್ಯವಾಗಬಾರದು. ಎದೆನೋವೋ ತಲೆಸುತ್ತೋ ಬಂದರೆ ತಕ್ಷಣ ನಿಲ್ಲಬೇಕು. ಎರಡು ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರಿದರೆ, ಮಲಗಿದಾಗ ಉಸಿರುಕಟ್ಟಿದರೆ, ನಡಿಗೆಯನ್ನು ಬಿಟ್ಟು ವೈದ್ಯರನ್ನು ಕಾಣಬೇಕು.

ಇಂಥ ತರಬೇತಿಯನ್ನು ಬಲ್ಲವರ ಕಣ್ಣೆದುರಿನಲ್ಲಿ ಪಡೆಯುವುದು ಲೇಸು. ಆದರೆ ಬೈಂದೂರಿನ ವೃದ್ಧರೊಬ್ಬರು ಕುಂದಾಪುರ, ಬ್ರಹ್ಮಾವರಗಳನ್ನು ದಾಟಿ ವಾರಕ್ಕೆ ಮೂರು ಸಲ ಮಣಿಪಾಲಕ್ಕೆ ಹೋಗಿಬರುವುದು ಸುಲಭವೇ? ಪರೀಕ್ಷೆಯೂ ಮೊದಲ ಪಾಠವೂ ಆಸ್ಪತ್ರೆಯಲ್ಲಾಗಲಿ. ವೈದ್ಯರು ಒಪ್ಪಿದರೆ ಉಳಿದದ್ದು ಅಂಗಳದಲ್ಲಿಯೇ ಸಾಗಬಹುದು. ಆಷಾಢದ ಮಳೆಯಲ್ಲಿ ನಾನು ನಡೆದದ್ದು ಜಗಲಿಯ ಮೇಲೆ, ಆಚೆಗೆ ಹನ್ನೆರಡು ಹೆಜ್ಜೆ, ಈಚೆಗೆ ಹನ್ನೆರಡು.

ಕೇಳುಗರೇ, ನನ್ನ ಹೃದಯದ ಲೆಕ್ಕ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಆದರೆ ಮೊನ್ನೆ ಹೊಳೆಯ ದಡದವರೆಗೆ ನಡೆದು, ದೋಣಿಗಳನ್ನು ನೋಡಿಕೊಂಡು ಮರಳಿದೆ. ಹೊರಡುವಾಗ ಚಪ್ಪಲಿಗಳನ್ನು ಮೆಟ್ಟಿಲ ಬಳಿ ತಂದಿಟ್ಟವಳು ನನ್ನಾಕೆಯೇ.